ಹೇಗೆ ಸೋಲ್ತೀವಿ, ಹೇಳಿ

ನನ್ನ ಹಳೆಯ ಸೀನಿಯರ್ ಕೆಲವು ತಿಂಗಳ ಹಿಂದೆ ವಕೀಲರ ಸಂಘದಲ್ಲಿ ಒತ್ತಡ ನಿಭಾಯಿಸುವುದು ಹೇಗೆಂದು ಉದ್ದಕ್ಕೆ ಭಾಷಣ ಬಿಗಿದರು. ಕೆಟ್ಟದ್ದನ್ನು ಯೋಚಿಸಲೇಬಾರದಂತೆ. ತಮ್ಮ ಆಫೀಸಿನಲ್ಲಿ ಸೋಲಿನ ಮಾತೆತ್ತುವುದನ್ನೇ ಈಗ ನಿಲ್ಲಿಸಿದ್ದಾರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

ಈ ಮನುಷ್ಯನೇ ಅಲ್ಲವೇ ನನಗೆ ಆ ರೋಗ ಅಂಟಿಸಿದ್ದು? ಅವರ ಜೂನಿಯರ್ ಆಗಿದ್ದಾಗ ಪ್ರತಿ ಸಂಜೆ ನಮ್ಮನ್ನೆಲ್ಲ ಮೇಜಿನ ಸುತ್ತ ನಿಲ್ಲಿಸಿ, ಮರುದಿನದ ಒಂದೊಂದೇ ಕೇಸು ಎತ್ತಿಕೊಂಡು, “ಇದರಲ್ಲಿ ನಾವು ಹೇಗೆ ಸೋಲ್ತೀವಿ, ಹೇಳಿ” ಎನ್ನುತ್ತಿದ್ದರು. ಹುಳುಕು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಕೇಸುಗಳನ್ನೇನೋ ಗೆದ್ದೆವು, ಆದರೆ ಆ ಪ್ರಶ್ನೆ ನನ್ನ ಬೆನ್ನು ಹತ್ತಿ ಮನೆಗೂ ಬಂತು. ಮಗಳು ಶಾಲೆಯ ಪ್ರವಾಸಕ್ಕೆ ಹೊರಟರೆ ಬಸ್ಸು ಮಗುಚಿದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಗಂಡ ಫೋನ್ ಎತ್ತದಿದ್ದರೆ ಆಸ್ಪತ್ರೆಗೆ ಓಡಲು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ನಿದ್ದೆ ಎಂಬುದು ಮರೆತೇ ಹೋಯಿತು. ಕೊನೆಗೆ ಡಾಕ್ಟರು ಹೇಳಿದರೆಂದು ಒಂದು ವಾರ ರಜೆ ಕೇಳಿದೆ.

ಕಕ್ಷಿದಾರರೂ ಜೂನಿಯರ್‌ಗಳೂ ತುಂಬಿದ್ದ ಆಫೀಸಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಅವರೆಂದರು: “ನರ ಗಟ್ಟಿ ಇಲ್ಲದವರಿಗೆ ಈ ಕರಿ ಕೋಟು ಯಾಕಮ್ಮ?”

ಎಲ್ಲರೂ ನಕ್ಕರು. ಅವತ್ತೇ ಅಲ್ಲಿಂದ ಹೊರಬಿದ್ದೆ.

ಆಮೇಲೆ ನನ್ನದೇ ಪುಟ್ಟ ಆಫೀಸು ಮಾಡಿದೆ. ಚಿಕಿತ್ಸೆ ತೆಗೆದುಕೊಂಡೆ. ಸಂಜೆ ಬೀಗ ಹಾಕುವಾಗ ಕೆಟ್ಟ ಯೋಚನೆಗಳನ್ನು ಒಳಗೇ ಬಿಟ್ಟು ಬರುವುದನ್ನು ನಿಧಾನಕ್ಕೆ ಕಲಿತೆ. ಸಿಟ್ಟನ್ನು ಮಾತ್ರ ಎಲ್ಲೂ ಬಿಡಲಿಲ್ಲ. ಇವರಿಗೆ ಒಮ್ಮೆ ನೀರು ಕುಡಿಸದೆ ಈ ಕೋಟು ಬಿಚ್ಚಲಾರೆ ಎಂದುಕೊಂಡಿದ್ದೆ.

ಭಾಷಣದ ಮರುವಾರವೇ ನಾವಿಬ್ಬರೂ ಕೋರ್ಟಿನಲ್ಲಿ ಎದುರುಬದುರಾದೆವು. ನನ್ನ ಕಕ್ಷಿದಾರಳು ಅಪ್ಪನನ್ನು ಕೊನೆಯವರೆಗೂ ನೋಡಿಕೊಂಡ ಮಗಳು. ಮನೆ ಪೂರ್ತಿ ತನಗೇ ಎಂದು ಅಪ್ಪ ಉಯಿಲು ಮಾಡಿದ್ದಾರೆ ಎನ್ನುವ ಅವಳ ತಮ್ಮನ ಪರ ನನ್ನ ಹಳೆಯ ಸೀನಿಯರ್. ಉಯಿಲಿನ ಸಾಕ್ಷಿಗಳಲ್ಲಿ ಒಬ್ಬರು ತೀರಿಕೊಂಡಿದ್ದರು. ಉಳಿದೊಬ್ಬರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಅಪ್ಪ ಸಹಿ ಹಾಕಿದ್ದನ್ನು ಸಾಕ್ಷಿ ಕಣ್ಣಾರೆ ನೋಡಿರಬೇಕು, ಇಲ್ಲದಿದ್ದರೆ ಉಯಿಲು ನಿಲ್ಲುವುದಿಲ್ಲ. ಮೇಷ್ಟ್ರು ಅದನ್ನು ನೋಡಿದ್ದರೇ? ಹಳೆಯ ಸಂಜೆಗಳಲ್ಲಾಗಿದ್ದರೆ ಮೊದಲು ಏಳುತ್ತಿದ್ದದ್ದೇ ಈ ಪ್ರಶ್ನೆ.

ನನ್ನ ಸರದಿ ಬಂದಾಗ ಎದ್ದು ನಿಂತು ಮೆತ್ತಗೆ ಕೇಳಿದೆ: “ಮೇಷ್ಟ್ರೇ, ಮೊದಲು ಸಹಿ ಹಾಕಿದ್ದು ಯಾರು?”

“ನಾನೇ ಅಮ್ಮ. ಬಸ್ಸಿಗೆ ಹೊತ್ತಾಗಿತ್ತು, ಹಾಕಿ ಹೊರಟುಬಿಟ್ಟೆ. ಅವರು ಆಮೇಲೆ ಹಾಕಿರ್ತಾರೆ.”

ಸೀನಿಯರ್ ಗಕ್ಕನೆ ಜೂನಿಯರ್‌ಗಳ ಕಡೆ ತಿರುಗಿದರು. ಅವರೆಲ್ಲ ನೆಲ ನೋಡುತ್ತಿದ್ದರು. ಸೋಲಿನ ಮಾತನ್ನೇ ಎತ್ತಬಾರದ ಆಫೀಸಿನಲ್ಲಿ ಇದನ್ನು ಕೇಳುವವರು ಯಾರು? ಸೀನಿಯರ್ ಎದ್ದು ಏನೇನೋ ಕೇಳಿ ಮೇಷ್ಟ್ರ ಬಾಯಿ ತಿರುಗಿಸಲು ನೋಡಿದರು. ಮೇಷ್ಟ್ರು ಪಾಪ, ಅದನ್ನೇ ಇನ್ನೂ ಬಿಡಿಸಿ ಹೇಳಿದರು.

ಕೆಲವು ವಾರಗಳ ಮೇಲೆ ತೀರ್ಪು ಬಂತು. ಉಯಿಲು ಬಿತ್ತು, ಮಗಳಿಗೆ ಪಾಲು ದಕ್ಕಿತು. ವರಾಂಡದಲ್ಲಿ ಸೀನಿಯರ್ ನನ್ನ ಹತ್ತಿರ ಬಂದರು.

“ಮೇಷ್ಟ್ರು ಬಾಯಿ ಬಿಟ್ಟ ದಿನದಿಂದ ನಿದ್ದೆ ಇಲ್ಲಮ್ಮ. ಅದು ನನಗೆ ಹೇಗೆ ಹೊಳೀಲಿಲ್ಲ?”

ಸುತ್ತ ಅವರ ಜೂನಿಯರ್‌ಗಳೂ ಕಕ್ಷಿದಾರರೂ ಇದ್ದರು. ಇರಲಿ ಎಂದೇ ದನಿ ಏರಿಸಿದೆ.

“ಒಂದು ವಾರ ರಜೆ ತಗೊಳ್ಳಿ ಸಾರ್. ನರ ಗಟ್ಟಿ ಇಲ್ಲದೇ ಹೋದ್ರೆ ಈ ಕರಿ ಕೋಟು ಯಾಕೆ?”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆ ನಗು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಹೇಳಲಾರೆ.

ಮಧ್ಯಾಹ್ನ ಮನೆಗೆ ಬಂದೆ. ಗಂಡ ಎಲ್ಲ ಕೇಳಿ, ಪಾಪ, ವಯಸ್ಸಾದವರಿಗೆ ಹಾಗನ್ನಬಾರದಿತ್ತು ಎಂದ. ಹೌದೇನೋ ಎಂದುಕೊಂಡು ಪಶ್ಚಾತ್ತಾಪಕ್ಕಾಗಿ ಕಾದು ಕೂತೆ. ಅದು ಬರಲಿಲ್ಲ, ನಿದ್ದೆ ಬಂತು. ಶಾಲೆಯಿಂದ ಬಂದ ಮಗಳು ಅಲುಗಾಡಿಸಿ ಎಬ್ಬಿಸುವವರೆಗೂ ಮಲಗಿದ್ದೆ.

ಅವರು ಅಪೀಲು ಹಾಕುತ್ತಾರಂತೆ. ಹಾಕಲಿ. ಅಲ್ಲಿ ಹೇಗೆ ಸೋಲುತ್ತಾರೆಂದು ನಾನು ಆಗಲೇ ಯೋಚಿಸಿ ಇಟ್ಟಿದ್ದೇನೆ.