ಡೆಲ್ಮರ್ ಭಾವನ ಎಂಜಿನ್ನಿನ ಕಟಕಟ

ನನ್ನ ಅಕ್ಕ ಆರ್ಲೀನಳ ಗಂಡ ಡೆಲ್ಮರ್ ಭಾವನಿಗೆ ಅರವತ್ಮೂರು ವರ್ಷ. ಆ ವಯಸ್ಸಿನಲ್ಲಿ ನಮ್ಮ ಪೆನ್ಸಿಲ್ವೇನಿಯಾದ ಗಂಡಸರು ಕೊಳದ ಬಳಿ ಮೀನಿಗೆ ಗಾಳ ಹಾಕಿ ಕೂರುತ್ತಾರೆ. ಭಾವ ಮಾತ್ರ ಬೇಸಿಗೆಯ ಭಾನುವಾರಗಳಲ್ಲಿ ಮೋಟಾರ್‌ಸೈಕಲ್ ಹತ್ತಿ ಗುಡ್ಡ ಏರಲು ಹೋಗುತ್ತಿದ್ದ. ಗುಡ್ಡವೆಂದರೆ ಮಣ್ಣಿನ ಗೋಡೆಯೇ. ಕೆಳಗಿನಿಂದ ಒಂದೇ ಓಟಕ್ಕೆ ಬೈಕು ಬಿಡಬೇಕು. ತುದಿ ಮುಟ್ಟಿದವನು ಗೆದ್ದ, ಉಳಿದವರು ಉರುಳಿ ಕೆಳಗೆ ಬಂದರು.

ಎರಡು ವರ್ಷದ ಹಿಂದೆ ಭಾವ ಬೈಕಿಗೆ ದೊಡ್ಡ ಎಂಜಿನ್ ಕೂರಿಸಿದ. ಅಲ್ಲಿಂದಾಚೆಗೆ ಒಂದು ಸಲವೂ ತುದಿ ಕಾಣಲಿಲ್ಲ. ಮುಕ್ಕಾಲು ಗುಡ್ಡ ಚೆನ್ನಾಗಿಯೇ ಏರುತ್ತಿದ್ದ. ಆಮೇಲೆ ಎಂಜಿನ್ನಿನಿಂದ ಕಟಕಟ ಸದ್ದು ಕೇಳಿತೆಂದು ಆಕ್ಸಿಲರೇಟರಿನ ಮೇಲಿನ ಕೈ ಸಡಿಲಿಸುತ್ತಿದ್ದ. ಬೈಕು ನಿಲ್ಲುತ್ತಿತ್ತು, ಮಲಗುತ್ತಿತ್ತು, ಭಾವನ ಜೊತೆಯಲ್ಲೇ ಕೆಳಗೆ ಬರುತ್ತಿತ್ತು. ಹೊರಡುವಾಗ ಹಿಂದಿನ ಚಕ್ರ ಹಿಡಿದು ನಿಲ್ಲಿಸುವುದು ನನ್ನ ಕೆಲಸ; ಹೀಗೆ ವಾಪಸ್ಸು ಬಂದಾಗ ಹಿಡಿಯುವುದೂ ನನ್ನ ಪಾಲಿಗೇ ಬಂತು.

ಸದ್ದಿನ ಕಾರಣ ಭಾವ ತಾನೇ ಕಂಡುಹಿಡಿದಿದ್ದ. ಎಂಜಿನ್ ಉಸಿರಾಡುವುದು ವಾಲ್ವ್‌ಗಳಿಂದ. ತೆರೆದ ವಾಲ್ವನ್ನು ಮತ್ತೆ ಮುಚ್ಚುವುದು ಸ್ಪ್ರಿಂಗು. ವೇಗ ಮಿತಿಮೀರಿದರೆ ಸ್ಪ್ರಿಂಗಿಗೆ ಅಷ್ಟು ಬೇಗ ಮುಚ್ಚಲಾಗದೆ ವಾಲ್ವ್ ಗಾಳಿಯಲ್ಲೇ ನೇತಾಡುತ್ತದೆ, ಪಿಸ್ಟನ್ ಬಂದು ಗುದ್ದುತ್ತದೆ. ಆದ್ದರಿಂದ ಹಳೆಯದನ್ನೆಲ್ಲ ಕಿತ್ತು ಗಟ್ಟಿ ಸ್ಪ್ರಿಂಗು, ಹಗುರವಾದ ಟೈಟಾನಿಯಂ ವಾಲ್ವ್ ಹಾಕಿಸಬೇಕೆಂದು ತೀರ್ಮಾನಿಸಿದ. ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಪಕ್ಕ ಬಿಡಿಭಾಗಗಳ ಕ್ಯಾಟಲಾಗು ಕಾಯಮ್ಮಾಗಿ ಬಿದ್ದಿರುತ್ತಿತ್ತು. ಟೈಟಾನಿಯಂ ಪುಟದ ಮೇಲೆ ಚಿಕನ್ ಸೂಪು ಚೆಲ್ಲಿದ ದಿನ ಭಾವ ಊಟ ಬಿಟ್ಟು ಎದ್ದು ಹೋದ.

ಆದರೆ ಎಂಜಿನ್ ಬಿಚ್ಚಬೇಕಾದರೆ ಅವನ ಅಕ್ಕ ವಿಲ್ಮಾ ಒಪ್ಪಬೇಕಿತ್ತು. ವಿಲ್ಮಾ ಮೂವತ್ತೆಂಟು ವರ್ಷ ಎಂಜಿನ್ ರಿಪೇರಿ ಅಂಗಡಿಯಲ್ಲಿ ದುಡಿದು ನಿವೃತ್ತಳಾದವಳು. ಈ ಎಂಜಿನ್ ಜೋಡಿಸಿದವಳೂ ಅವಳೇ. ಅದರಲ್ಲಿ ಐಬಿದೆಯೆಂದರೆ ಅವಳಿಗೆ ತನ್ನ ಅಡುಗೆಯಲ್ಲಿ ಕೂದಲು ಸಿಕ್ಕಿತೆಂದು ಹೇಳಿದ ಹಾಗೆ.

ಐಬಿಲ್ಲವೆಂದು ತೋರಿಸಲು ತಾನೇ ಎಂಜಿನ್ನಿನ ತಲೆ ಬಿಚ್ಚಿದಳು. ಎಂಟು ಸ್ಪ್ರಿಂಗುಗಳನ್ನೂ ಒಂದೊಂದಾಗಿ ಒತ್ತಿ ಬಿಗಿ ಅಳೆದಳು. ಎಂಟೂ ಸರಿಯಾಗಿದ್ದವು. ಮತ್ತೆ ಜೋಡಿಸಿ, ಎಂಜಿನ್ ಎಷ್ಟು ವೇಗದವರೆಗೆ ಹೋಯಿತೆಂದು ನೆನಪಿಟ್ಟುಕೊಳ್ಳುವ ಒಂದು ಮೀಟರನ್ನು ಬೈಕಿಗೆ ಕಟ್ಟಿ, ಹಿತ್ತಿಲಿನ ದಿಬ್ಬ ಹತ್ತಿಸಿ ನೋಡು ಎಂದಳು. ಭಾವ ಹೋಗಿ ಬಂದು, ಸದ್ದು ಜೋರಾಗಿಯೇ ಬಂತೆಂದ. ಮೀಟರಿನಲ್ಲಿ ನಿಮಿಷಕ್ಕೆ ಏಳು ಸಾವಿರದ ಒಂಬೈನೂರು ಸುತ್ತು ಎಂದಿತ್ತು.

"ಈ ಸ್ಪ್ರಿಂಗು ಒಂಬತ್ತೂವರೆ ಸಾವಿರದವರೆಗೆ ತಡಕೊಳ್ತವೆ ಕಣೋ," ಎಂದಳು ವಿಲ್ಮಾ. "ನೀನು ಅಲ್ಲಿವರೆಗೆ ಹೋಗಿದ್ದೇ ಇಲ್ಲ. ಯಾವ ಸೀಮೆ ಟೈಟಾನಿಯಮ್ಮು ನಿಂಗೆ?"

"ನಂಗೆ ಕೇಳಿಸ್ತಾ ಇದೆಯಲ್ಲಕ್ಕ. ನನ್ನ ಕಿವಿ ಸುಳ್ಳು ಹೇಳುತ್ತಾ?"

ವಿಲ್ಮಾ ತಾನೇ ಹೆಲ್ಮೆಟ್ ಏರಿಸಿಕೊಂಡು ಬೈಕು ಹತ್ತಿದಳು. ಎಪ್ಪತ್ತರ ಹೆಂಗಸು ಕೋಳಿಗೂಡಿನ ಪಕ್ಕದಲ್ಲಿ ಭರ್ರನೆ ಹೋಗಿ ಬಂದು, ಒಂಬತ್ತು ಸಾವಿರ ಸುತ್ತಿಗೆ ಏರಿಸಿದರೂ ಯಾವ ಸದ್ದೂ ಇಲ್ಲವೆಂದಳು. ಕೋಳಿಗಳು ಎರಡು ದಿನ ಮೊಟ್ಟೆ ಇಡಲಿಲ್ಲ.

ಆಮೇಲೆ ಬೈಕನ್ನು ಸ್ಟ್ಯಾಂಡಿಗೆ ಹಾಕಿ, ಭಾವನಿಗೆ ಹೆಲ್ಮೆಟ್ ಹಾಕಿಸಿ ಅದರ ಮೇಲೆ ಕೂರಿಸಿ, ಎಂಜಿನ್ ಏರಿಸು ಎಂದಳು. ಏಳೂವರೆ ಸಾವಿರ ದಾಟುತ್ತಲೇ ಭಾವ ಗಾಬರಿಯಿಂದ ಎಡಗೈ ಎತ್ತಿದ. ಅವನಿಗೆ ಕಟಕಟ ಕೇಳಿಸುತ್ತಿತ್ತು, ನಮಗೆ ಯಾರಿಗೂ ಇಲ್ಲ. ವಿಲ್ಮಾ ಎಂಜಿನ್ನಿನ ಕಡೆ ನೋಡಲೇ ಇಲ್ಲ. ತಮ್ಮನ ಮುಖವನ್ನೇ ದಿಟ್ಟಿಸಿ ನೋಡುತ್ತ, ಹೆಲ್ಮೆಟ್ಟಿನೊಳಗೆ ಬೆರಳು ತೂರಿಸಿ ಅವನ ಗದ್ದವನ್ನು ಮೇಲಕ್ಕೊತ್ತಿ ಹಿಡಿದಳು.

"ಈಗ?"

ಸದ್ದು ನಿಂತಿತ್ತು. ಬೆರಳು ತೆಗೆದಳು, ಮತ್ತೆ ಬಂತು. ಕಟಗುಡುತ್ತಿದ್ದದ್ದು ವಾಲ್ವಲ್ಲ, ಭಾವನ ಹಲ್ಲುಸೆಟ್ಟು. ಎಂಜಿನ್ ಕೂರಿಸಿದ ತಿಂಗಳಲ್ಲೇ ಅವನು ಅದನ್ನೂ ಕಟ್ಟಿಸಿಕೊಂಡಿದ್ದ. ಹ್ಯಾಂಡಲಿನ ನಡುಕ ತೋಳಿನಿಂದ ದವಡೆಗೆ ಏರಿ, ಮೇಲಿನ ಸಾಲು ಕೆಳಗಿನ ಸಾಲಿಗೆ ಬಡಿಯುತ್ತಿತ್ತು. ಆರ್ಲೀನ್ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಮನೆಯೊಳಗೆ ಓಡಿದಳು. ಕಿಟಕಿಯಿಂದ ಅವಳ ನಗು ತುಂಬಾ ಹೊತ್ತು ಕೇಳುತ್ತಿತ್ತು.

ಭಾವ ಒಂದು ವಾರ ಊಟದ ತಟ್ಟೆ ಹಿಡಿದು ಹಿತ್ತಿಲಿಗೆ ಹೋಗಿ ಕೂತ. ಭಾನುವಾರ ಬಂದಾಗ ಪಂದ್ಯಕ್ಕೆ ಹೊರಟನೇನೋ ಸರಿ, ಆದರೆ ಹಲ್ಲು ತೆಗೆದು ಓಡಿಸು ಎಂದರೆ ಕೇಳಲೊಲ್ಲ. ಊರಿನವರೆಲ್ಲ ಇರುವಲ್ಲಿ ಬೊಚ್ಚುಬಾಯಿ ತೋರಿಸುವುದೇ? ಹೆಲ್ಮೆಟ್ಟಿನೊಳಗೆ ಬಾಯಿ ಯಾರಿಗೂ ಕಾಣುವುದಿಲ್ಲವೆಂದು ನಾನು ಸಮಾಧಾನ ಹೇಳಿದೆ. ಕೊನೆಗೆ ವ್ಯಾನಿನ ಹಿಂದೆ ಹೋಗಿ ತೆಗೆದು, ಆರ್ಲೀನಳ ಕೈಗೆ ಕೊಟ್ಟು, ಹೆಲ್ಮೆಟ್ ಹಾಕಿಕೊಂಡೇ ಹೊರಗೆ ಬಂದ.

ಅವತ್ತು ಭಾವ ಹೋದ ರೀತಿ ನಾನು ಹಿಂದೆಂದೂ ನೋಡಿರಲಿಲ್ಲ. ಕಿವಿಗೆ ಯಾವ ಕಟಕಟವೂ ಇಲ್ಲ, ಕೈ ಸಡಿಲಿಸುವ ನೆವವೂ ಇಲ್ಲ. ಮುಕ್ಕಾಲು ಗುಡ್ಡ ದಾಟಿತು, ಎಂಜಿನ್ ಕಿರುಚಿತು, ಇನ್ನೂ ಕಿರುಚಿತು. ನನ್ನ ಪಕ್ಕದಲ್ಲಿದ್ದ ವಿಲ್ಮಾ, "ಬಿಡೋ, ಸಾಕು ಬಿಡೋ," ಎಂದು ಗೊಣಗತೊಡಗಿದಳು. ಭಾವ ಬಿಡಲಿಲ್ಲ. ತುದಿ ಹಾರಿ ಆಚೆಗೆ ಮರೆಯಾದ. ಅದರ ಹಿಂದೆಯೇ, ಪಾತ್ರೆಯಂಗಡಿ ಮಗುಚಿ ಬಿದ್ದಂಥ ಸದ್ದು ಬಂತು. ಈ ಸಲ ಅದು ಎಲ್ಲರಿಗೂ ಕೇಳಿಸಿತು.

ನಾವು ಏದುಸಿರು ಬಿಡುತ್ತ ಮೇಲೆ ಹತ್ತುವಷ್ಟರಲ್ಲಿ, ಧ್ವನಿವರ್ಧಕದಲ್ಲಿ ಪಂದ್ಯದ ವಿವರ ಹೇಳುವ ಲೆಸ್ಟರ್ ಭಾವನ ಹೆಲ್ಮೆಟ್ ತೆಗೆಸಿ ಬಾಯಿಗೆ ಮೈಕು ಹಿಡಿದಿದ್ದ. ಎರಡು ವರ್ಷ ಆಗದ್ದು ಇವತ್ತು ಹೇಗಾಯಿತು, ಬೈಕಿನಲ್ಲಿ ಏನು ಬದಲಾಯಿಸಿದಿರಿ ಎಂದು ಕೇಳಿದ.

"ಹಯ್ಯು ತೆಗೆದೆ," ಎಂದ ಭಾವ, ತುಟಿ ಬಿಗಿಹಿಡಿದು.

"ಹಲ್ಲು ಕಮ್ಮಿ ಮಾಡಿದ್ರಂತೆ," ಎಂದು ಲೆಸ್ಟರ್ ಇಡೀ ಗುಡ್ಡಕ್ಕೆ ಸಾರಿದ. "ಚೈನಿನ ಚಕ್ರದಲ್ಲಿ ಎಷ್ಟು ಹಲ್ಲು ತೆಗೆದ್ರಿ?"

"ಎಯ್ಯಾ."

ಎಲ್ಲ ಹಲ್ಲೂ ತೆಗೆದರೆ ಚೈನು ನಿಲ್ಲುವುದಾದರೂ ಹೇಗೆಂದು ಸವಾರರು ಭಾವನ ಬೈಕನ್ನು ಮುತ್ತಿದರು. ಇಬ್ಬರು ಕೆಸರಿನಲ್ಲಿ ಮಂಡಿಯೂರಿ ಚಕ್ರದ ಹಲ್ಲು ಎಣಿಸಿದರು, ಲೆಕ್ಕ ತಾಳೆಯಾಗದೆ ಜಗಳಾಡಿದರು. ಮುಂದಿನ ಪಂದ್ಯದ ಹೊತ್ತಿಗೆ ಅರ್ಧ ಜನ ಚೈನಿಗೆ ಕಮ್ಮಿ ಹಲ್ಲಿನ ಚಕ್ರ ಹಾಕಿಸಿಕೊಂಡು ಬಂದಿದ್ದರು.

ಎಂಜಿನ್ ಬಿಚ್ಚಿದಾಗ ಎರಡು ವಾಲ್ವ್ ಡೊಂಕಾಗಿದ್ದವು. ಮೀಟರು ಹತ್ತು ಸಾವಿರದ ನಾನೂರು ತೋರಿಸುತ್ತಿತ್ತು. ವಿಲ್ಮಾ ಡೊಂಕು ವಾಲ್ವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಈಗ ನಿಂಗೆ ಗಟ್ಟಿ ಸ್ಪ್ರಿಂಗು ಬೇಕು," ಎಂದಳು.

"ನಾನು ಎರಡು ವರ್ಷದಿಂದ ಅದನ್ನೇ ಅಲ್ವೇನಕ್ಕ ಹೇಳ್ತಿದ್ದದ್ದು?"

"ಆಗ ಬೇಕಿರ್ಲಿಲ್ಲ. ಇವಾಗ ಬೇಕು. ವಾಲ್ವು ಮಾತ್ರ ಉಕ್ಕಿಂದೇ ಹಾಕ್ತೀನಿ, ನಿನ್ನ ಟೈಟಾನಿಯಮ್ಮು ಬೇಡ."

ಭಾವ ವಾದಿಸಬಹುದಿತ್ತು. ಆದರೆ ಅಕ್ಕ ತನ್ನ ಕಡೆಗೆ ಅರ್ಧ ದಾರಿ ಬಂದದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಕ್ಯಾಟಲಾಗು ತಂದು, ಸ್ಪ್ರಿಂಗಿನ ಪುಟ ತೆರೆದು ಅವಳ ಮುಂದಿಟ್ಟ. ಇಬ್ಬರೂ ಒಂದೇ ಕನ್ನಡಕವನ್ನು ಸರದಿಯಲ್ಲಿ ಹಾಕಿಕೊಂಡು, ಸಂಜೆಯವರೆಗೂ ಕೂತು ಆರಿಸಿದರು.