ಇಪ್ಪತ್ತಮೂರನೇ ಬಾಯಿ

ಗಂಡನ ಹೆಸರು ಹೇಳಿದರೆ ನಾಲಿಗೆಯೇ ಬಿದ್ದುಹೋಗುತ್ತದೆ ಎಂಬಂತೆ ಆಡುವ ಹೆಂಗಸರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ನಾನು ಪರಶುರಾಂಪುರದ ಕಡೆಯ ಒಂದು ಹಳ್ಳಿಯಲ್ಲಿ ನರ್ಸು, ಶಾಂತಕುಮಾರಿ. ೨೦೦೩ರಲ್ಲಿ ಹಲ್ಲಿನ ಡಾಕ್ಟರು ಸಂಗಮೇಶ್ ಬಂದು, ಸಕ್ಕರೆ ಕಾಯಿಲೆಯವರ ವಸಡಿನ ಸಂದಿಗೆ ಕಾಗದದ ಕಡ್ಡಿ ತೂರಿಸಿ, ಅಲ್ಲಿ ಬೆಳೆಯುವ ಬೂಷ್ಟನ್ನು ಪರೀಕ್ಷೆಗೆ ತೆಗೆದುಕೊಂಡರು. ಚೀಟಿ ಬರೆಯುವ ಕೆಲಸ ನನ್ನದು.

"ಹೆಸರು?"

"ಪಾಲಮ್ಮ."

"ಗಂಡನ ಹೆಸರು?"

"ಅಯ್ಯೋ, ಅದೆಂಗೆ ಹೇಳ್ಲಿ? ಬೋರಯ್ಯನ ಅವ್ವ ಅಂತ ಬರ್ಕಳ್ರಿ."

ಬರೆದೆ. ಆಮೇಲೆ ಇನ್ನೊಬ್ಬಳು ಪಾಲಮ್ಮ ಬಂದಳು. ಅವಳದೂ ಅದೇ ರಾಗ. ಹಿರೀ ಮಗನಿಗೆ ಮನೆದೇವರ ಹೆಸರಿಡುವ ಊರಲ್ಲಿ ಅವಳ ಮಗನೂ ಬೋರಯ್ಯನೇ. ವಯಸ್ಸು ಇಬ್ಬರದೂ "ಐವತ್ತಿರ್ಬೋದು". ಒಬ್ಬಳಿಗೆ ಹನ್ನೊಂದು, ಒಬ್ಬಳಿಗೆ ಇಪ್ಪತ್ತಮೂರು ಅಂತ ನಂಬರು ಹಾಕಿ ಮುಂದಕ್ಕೆ ದಬ್ಬಿದೆ. ಡಾಕ್ಟರು ಎಲ್ಲರಿಗೂ ಒಂದೇ ಮಾತ್ರೆ ಕೊಟ್ಟು ಹೋದರು.

ತಿಂಗಳ ಮೇಲೆ ಅವರ ಕಾಗದ ಬಂತು, ಜೊತೆಗೊಂದು ಔಷಧಿ. 'ಬೂಷ್ಟಿನ ಹೆಸರು ಒಂದೇ ಆದರೂ ಕುಲ ಬೇರೆ ಬೇರೆ. ಹನ್ನೊಂದರದು ಮಾತ್ರೆಗೆ ಸಾಯುತ್ತದೆ. ಇಪ್ಪತ್ತಮೂರರದು ಜಗ್ಗುವುದಿಲ್ಲ. ಅವಳಿಗೆ ಕೂಡಲೇ ಈ ಔಷಧಿ ಕೊಡಿ.'

ಯಾವ ಪಾಲಮ್ಮ? ಪಟ್ಟಿಯಲ್ಲಿ ಇಬ್ಬರದೂ ಒಂದೇ ವಿವರ, ಯಾರು ಮೊದಲು ಬಂದರೆಂಬುದೂ ನನಗೆ ಮರೆತಿತ್ತು. ಫೋನು ಮಾಡಿ ಕೇಳಬಹುದಿತ್ತು. ನರ್ಸಿಗೆ ಒಂದು ಪಟ್ಟಿ ಬರೆಯೋಕೂ ಬರಲ್ಲವಾ ಅಂತಾರೆ ಎಂದು ಹೆದರಿದೆ. ಮೇಲಿನ ಕೇರಿ ಪಾಲಮ್ಮನ ಬಾಯಿ ತುಂಬ ಹುಣ್ಣು, ರಕ್ತ. ಕೆಳಗಿನ ಕೇರಿಯವಳದು ಬರೀ ಬಿಳೀ ಪೊರೆ. ಮೇಲಿನವಳೇ ಇರಬೇಕೆಂದು ಔಷಧಿ ಅವಳಿಗೆ ಕೊಟ್ಟೆ.

ಅವಳು ಹುಷಾರಾದಳು. ನನ್ನ ಕೈಗುಣ ಅಂದರು ಜನ, ನಾನೂ ಉಬ್ಬಿದೆ.

ಕೆಳಗಿನ ಕೇರಿ ಪಾಲಮ್ಮನಿಗೆ ಮೊದಲು ಮುದ್ದೆ ಇಳಿಯಲಿಲ್ಲ, ಆಮೇಲೆ ಅಂಬಲಿ. "ಮಾತ್ರೆ ಬಿಡ್ಬೇಡ ಕಣಮ್ಮ" ಅಂದೆ. ಗುಟುಕು ನೀರಿಗೂ ಒದ್ದಾಡುವಾಗ ಮಗ ದೊಡ್ಡಾಸ್ಪತ್ರೆಗೆ ಹೊತ್ತೊಯ್ದ. ಬೂಷ್ಟು ರಕ್ತಕ್ಕೇ ಸೇರಿದೆ ಅಂದರಂತೆ. ನಾಲ್ಕನೇ ದಿನ ಹೆಣ ಬಂತು.

ಮುಂದಿನ ವಾರ ಸಂಗಮೇಶ್ ಡಾಕ್ಟರು ಮತ್ತೆ ಬಂದರು. "ಇಪ್ಪತ್ತಮೂರು ಎಲ್ರೀ ಸಿಸ್ಟರ್? ಮುಂದಿನ ಹಲ್ಲಿಲ್ದೆ, ನಗುವಾಗ ಸೆರಗು ಅಡ್ಡ ಹಿಡೀತಿದ್ರಲ್ಲ?"

"ಹೋದ ವಾರ ತೀರ್ಕೊಂಡ್ರು ಸಾರ್" ಅಂದೆ, ಔಷಧಿಯ ಮಾತೆತ್ತಲಿಲ್ಲ. ಮೇಲಿನ ಕೇರಿಯವಳಿಗೆ ಮೂವತ್ತೆರಡು ಹಲ್ಲೂ ಗಟ್ಟಿಯಾಗಿವೆ. ಗಂಡನ ಹೆಸರು ಹೇಳದ ಇಬ್ಬರನ್ನೂ ಮನಸ್ಸಲ್ಲೇ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಸಂಜೆ ನಿಜ ಹೇಳಿಬಿಡೋಣವೆಂದು ಕೆಳಗಿನ ಕೇರಿಗೆ ಹೋದೆ. ಬೋರಯ್ಯ ಚಾಪೆ ಹಾಸಿದ. ಗೋಡೆಯ ಮಾಡದಿಂದ ಖಾಲಿ ಮಾತ್ರೆ ಹಾಳೆಗಳ ಕಟ್ಟು ತಂದು ನನ್ನ ಮುಂದಿಟ್ಟ.

"ಅವ್ವ ಒಂದು ಮಾತ್ರೇನೂ ಬಿಟ್ಟಿಲ್ಲ ಕಣಕ್ಕ, ಎಣಿಸ್ಕಳ್ರಿ. ನಾಳೆ ಯಾರೂ ನಿಮ್ಮನ್ನ ಅನ್ನಬಾರ್ದು ನೋಡ್ರಿ."

ಹೂಂ ಅಂದೆ. ಅವನ ಹೆಂಡತಿ ಕೊಟ್ಟ ಟೀ ಕುಡಿದು ಎದ್ದುಬಂದೆ.