ಹೆಸರು ಹಿಡಿದು ಕರೆಯುವುದು

"ಗಂಡನ ಹೆಸರು ಹೇಳಿ ಅಜ್ಜಿ," ಎಂದು ಬ್ಯಾಂಕಿನ ಹುಡುಗಿ ಮೂರನೇ ಸಲ ಕೇಳಿದಳು. ಮುನಿವೆಂಕಟಮ್ಮ ಸೆರಗು ಸರಿಮಾಡಿಕೊಂಡು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದಳೇ ಹೊರತು ತುಟಿ ಬಿಚ್ಚಲಿಲ್ಲ. ಬೈಕು ನಿಲ್ಲಿಸಿ ಒಳಗೆ ಬಂದ ಮೊಮ್ಮಗ ಸಿದ್ದುವಿಗೆ ನೋಡಿದ ಕೂಡಲೇ ವಿಷಯ ತಿಳಿಯಿತು.

"ಚಿಕ್ಕಬೈರಪ್ಪ ಅಂತ ಮೇಡಂ," ಅಂದ.

ಅಜ್ಜಿಗೆ ಹೋದ ಜೀವ ಬಂದಂತಾಯಿತು. ಮದುವೆಯಾಗಿ ಐವತ್ತೆಂಟು ವರ್ಷವಾದರೂ ಅವಳು ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದರೆ ಆತನ ಆಯಸ್ಸು ಕಡಿಮೆಯಾಗುತ್ತದೆಂದು ಅತ್ತೆ ಹೇಳಿದ್ದನ್ನು ಗಟ್ಟಿಯಾಗಿ ನಂಬಿದ್ದಳು. ಮೊಮ್ಮಕ್ಕಳ ಮುಂದೆ ಅವನು 'ನಿಮ್ ತಾತ', ಊರವರ ಮುಂದೆ 'ಇವ್ರು'. ಅವನನ್ನೇ ಕರೆಯಬೇಕಾದರೆ ಕಾಫಿ ಲೋಟವನ್ನು ಹೊಸಿಲಿನ ಮೇಲೆ ಎರಡು ಸಲ ಕುಟ್ಟುವುದು. ಬೆಂಗಳೂರಿನ ಅಂಚಿನ ಅವರೂರು ಕೋಗಿಲಿನ ರಾಗಿ ಹೊಲಗಳೆಲ್ಲ ಹೋಗಿ ಮೂರು ಮಹಡಿಯ ಮನೆಗಳೆದ್ದರೂ ಲೋಟ ಕುಟ್ಟುವುದು ಮಾತ್ರ ನಿಂತಿರಲಿಲ್ಲ.

ಬೇರೆ ದಿನವಾಗಿದ್ದರೆ ಸಿದ್ದು ಅಜ್ಜಿಯನ್ನು ಛೇಡಿಸದೆ ಬಿಡುತ್ತಿರಲಿಲ್ಲ. ಇವತ್ತು ಸುಮ್ಮನೆ ಮೂಲೆಯ ಕುರ್ಚಿಯಲ್ಲಿ ಕೂತು, ಅಜ್ಜಿಯ ಹೆಬ್ಬೆಟ್ಟಿನ ಸರದಿ ಬರುವವರೆಗೆ ಫೋನಿನಲ್ಲಿ ಆಫೀಸಿನ ಮೇಲ್‌ಗಳನ್ನು ಓದಿದ. ಉದ್ದುದ್ದದ ಮೇಲ್‌ಗಳನ್ನು ಕೊನೆಯ ಸಾಲಿನವರೆಗೂ ಓದುವುದು ಅವನ ಅಭ್ಯಾಸ. ಮನಸ್ಸಿನಲ್ಲಿ ಮಾತ್ರ, ಅಜ್ಜಿಯನ್ನು ನೋಡಿ ನಗುವುದಕ್ಕೆ ತನಗೆ ಯಾವ ಯೋಗ್ಯತೆಯಿದೆ ಅನ್ನಿಸುತ್ತಿತ್ತು. ಅವನದೂ ಅದೇ ಕಾಯಿಲೆ.

ಹೆಬ್ಬಾಳದ ಹತ್ತಿರ ಅವನು ಸೇರಿದ್ದು ಒಂದು ವಿದೇಶಿ ಕಂಪನಿ. ಔಷಧಿ ಪೆಟ್ಟಿಗೆಗಳನ್ನು ವಿಮಾನದಲ್ಲಿ ಹೊರದೇಶಗಳಿಗೆ ಕಳಿಸುವುದು ಅಲ್ಲಿಯ ಕೆಲಸ. ಅಲ್ಲಿ ಸರ್ ಇಲ್ಲ, ಮೇಡಂ ಇಲ್ಲ. ಎಲ್ಲರಿಗೂ ಎಲ್ಲರೂ ಬರೀ ಹೆಸರು. ಕಾಲೇಜಿನ ಕೊನೇ ವರ್ಷ ಒಂದು ವಾರ ತರಬೇತಿ ಕೊಟ್ಟಿದ್ದರು. ಕೈ ಕುಲುಕುವಾಗ ಎಷ್ಟು ಬಿಗಿ ಹಿಡಿಯಬೇಕು, ಟೈ ಎಲ್ಲಿಯವರೆಗೆ ಇಳಿಯಬೇಕು, ನಿಮ್ಮ ಬಗ್ಗೆ ಹೇಳಿ ಅಂದರೆ ಯಾವುದರಿಂದ ಶುರುಮಾಡಬೇಕು, ಎಲ್ಲ ಹೇಳಿಕೊಟ್ಟಿದ್ದರು. ಅಪ್ಪನಿಗಿಂತ ದೊಡ್ಡವರನ್ನು ಹೆಸರು ಹಿಡಿದು ಕರೆಯುವುದು ಹೇಗೆಂದು ಯಾವ ಪುಣ್ಯಾತ್ಮನೂ ಹೇಳಿಕೊಟ್ಟಿರಲಿಲ್ಲ.

ವಿಭಾಗದ ಮುಖ್ಯಸ್ಥರು ನರೇಂದ್ರ. ಐವತ್ತಾರು ವರ್ಷದ, ನರೆತ ತಲೆಯ ಮನುಷ್ಯ. ಮೊದಲ ದಿನ ಸಿದ್ದು 'ಸರ್' ಅಂದಾಗ, ಇಲ್ಲಿ ಆ ಹೆಸರಿನವರು ಯಾರೂ ಇಲ್ಲಪ್ಪಾ ಎಂದು ನಕ್ಕಿದ್ದರು. ಅಂದಿನಿಂದ ಸಿದ್ದು ಅವರನ್ನು ಏನೆಂದೂ ಕರೆದಿರಲಿಲ್ಲ. ಕೆಲಸವಿದ್ದರೆ ಹೋಗಿ ಅವರ ಮೇಜಿನ ಪಕ್ಕ ನಿಲ್ಲುವುದು, ಅವರು ತಲೆಯೆತ್ತಿದರೆ ಮಾತು, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲದೆ ವಾಪಸು. ಮೀಟಿಂಗುಗಳಲ್ಲಿ ಹೇಳಬೇಕಾದ್ದನ್ನು ತನ್ನ ತಂಡ ನೋಡಿಕೊಳ್ಳುವ ವೇದಾಳ ಕಿವಿಯಲ್ಲಿ ಉಸುರುತ್ತಿದ್ದ. ಅವಳು ಗಟ್ಟಿಯಾಗಿ ಹೇಳುತ್ತಿದ್ದಳು.

ಹೋದ ತಿಂಗಳು ವೇದಾಳೇ ಕೂರಿಸಿಕೊಂಡು ಖಡಾಖಂಡಿತವಾಗಿ ಹೇಳಿದಳು: "ನಿನ್ ಕೆಲ್ಸದಲ್ಲಿ ತಪ್ಪು ಹುಡುಕೋಕಾಗಲ್ಲ ಸಿದ್ದು. ಆದ್ರೆ ಮೀಟಿಂಗಲ್ಲಿ ಇವನ ದನೀನೇ ಕೇಳಿಲ್ವಲ್ಲ ಅಂತಾರೆ. ನಿನ್ ಪರವಾಗಿ ನಾನ್ ಎಷ್ಟ್ ದಿನ ಮಾತಾಡ್ಲಿ?"

ಆರು ತಿಂಗಳ ಪ್ರೊಬೇಷನ್ ನಾಳೆಗೆ ಮುಗಿಯುತ್ತದೆ. ಕೆಲಸ ಕಾಯಂ ಆಗದಿದ್ದರೆ ಸೋಮವಾರದಿಂದ ಚಿಕ್ಕಪ್ಪ ಮುನಿಆಂಜಿನಪ್ಪನ ಜೊತೆ ಸೈಟು ತೋರಿಸುವ ಕೆಲಸಕ್ಕೆ ಹೋಗಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಚಿಕ್ಕಪ್ಪ ಅವನ ಹೆಸರಿನಲ್ಲಿ ವಿಸಿಟಿಂಗ್ ಕಾರ್ಡನ್ನೂ ಮಾಡಿಸಿಬಿಟ್ಟಿದ್ದ. ಸಿದ್ದು ಆ ಕಾರ್ಡುಗಳನ್ನು ಕಣ್ಣಿಗೆ ಬೀಳದಂತೆ ಬೀರುವಿನೊಳಗೆ ತಳ್ಳಿದ್ದ. ಈ ಕೆಲಸ ಅವನಿಗೆ ನಿಜವಾಗಿ ಬೇಕಾಗಿತ್ತು.

ಅಜ್ಜಿಯನ್ನು ಆಟೋ ಹತ್ತಿಸಿ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ತೂರಿಕೊಂಡು ಅವನು ಆಫೀಸು ಮುಟ್ಟುವಾಗ ಹನ್ನೆರಡರ ಮೀಟಿಂಗು ಶುರುವಾಗಿತ್ತು. ವೇದಾಳ ಕುರ್ಚಿ ಖಾಲಿ. ಮಗುವಿಗೆ ಜ್ವರವೆಂದು ರಜೆ ಹಾಕಿದ್ದಳು. ಗೋಡೆಯ ಪರದೆಯ ಮೇಲೆ ಔಷಧಿ ತರಿಸಿಕೊಳ್ಳುವ ಜರ್ಮನಿಯ ನಾಲ್ವರು ಕೂತಿದ್ದರು. ಇನ್ಸುಲಿನ್ ಪೆಟ್ಟಿಗೆಗಳನ್ನು ಶನಿವಾರದ ವಿಮಾನಕ್ಕೆ ಹಾಕುತ್ತೇವೆಂದು ನರೇಂದ್ರ ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

ಶನಿವಾರ ಆಗದೆಂದು ಸಿದ್ದುವಿಗೆ ಗೊತ್ತಿತ್ತು. ವಿಮಾನ ಬದಲಾಗುವ ಊರಿನ ಶೀತಲ ಕೋಣೆ ರಿಪೇರಿಗೆಂದು ಶನಿವಾರ, ಭಾನುವಾರ ಮುಚ್ಚಿರುತ್ತದೆ. ಬೆಳಿಗ್ಗೆ ಬ್ಯಾಂಕಿನಲ್ಲಿ ಕೂತು ಓದಿದ ಮೇಲ್‌ನ ತೀರಾ ಕೊನೆಯಲ್ಲಿ ಅದಿತ್ತು. ಅಷ್ಟು ದೂರ ಬೇರೆ ಯಾರೂ ಓದಿದಂತಿರಲಿಲ್ಲ.

ವೇದಾಳಿಗೆ ಮೆಸೇಜು ಕಳಿಸಿದ, ಉತ್ತರವಿಲ್ಲ. ಕೆಮ್ಮಿದ. ಪಕ್ಕದಲ್ಲಿದ್ದ ಮಂಜುಶ್ರೀ ಕನಿಕರದಿಂದ ನೀರಿನ ಬಾಟಲಿ ಸರಿಸಿದಳು. ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿ, ಯಾರೂ ನೋಡದಿದ್ದಾಗ ತಲೆ ಕೆರೆದುಕೊಂಡು ಇಳಿಸಿದ. ಮನೆಯ ಫ್ರಿಜ್ಜಿನ ಬಾಗಿಲಲ್ಲಿ, ಕರಿಬೇವಿನ ಪಕ್ಕ, ತಾತನ ಇನ್ಸುಲಿನ್ ಇರುತ್ತದೆ. ಕರೆಂಟು ಹೋದರೆ ಅಜ್ಜಿ ಅದನ್ನು ಎದೆಗವಚಿಕೊಂಡು ಎದುರುಮನೆ ರತ್ನಕ್ಕನ ಫ್ರಿಜ್ಜಿಗೆ ಓಡುತ್ತಾಳೆ. ಇಲ್ಲಿ ಅಂಥ ಮೂರು ಸಾವಿರ ಪೆಟ್ಟಿಗೆಗಳು ಎರಡು ದಿನ ಬಿಸಿಗೆ ಬಿದ್ದಿರಲಿದ್ದವು. ಹಾಗಿದ್ದರೆ ಬುಕ್ ಮಾಡಿಬಿಡೋಣ ಅನ್ನುತ್ತ ನರೇಂದ್ರ ಮೌಸಿನ ಮೇಲೆ ಕೈಯಿಟ್ಟರು.

"ನರೇಂದ್ರ," ಅಂದ ಸಿದ್ದು.

ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಕೋಣೆಯಲ್ಲಿದ್ದವರೆಲ್ಲ ತಿರುಗಿದರು, ಜರ್ಮನಿಯವರೂ ಕತ್ತೆತ್ತಿದರು. ಕಿವಿ ಕೆಂಪಾದರೂ ಅವನು ನಿಲ್ಲಿಸಲಿಲ್ಲ. ತಡವರಿಸುವ ಇಂಗ್ಲಿಷಿನಲ್ಲೇ ಶೀತಲ ಕೋಣೆಯ ವಿಷಯ ಹೇಳಿದ. ಖಾತ್ರಿಯೇ ಎಂದು ನರೇಂದ್ರ ಕೇಳಿದರು. ಮೇಲ್ ತೆರೆದು ಓದಿದ. ನರೇಂದ್ರ ಮೌಸಿನಿಂದ ಕೈ ತೆಗೆದರು. ಆಮೇಲೆ ಪರದೆಯ ಮೇಲಿದ್ದ ಹೆಂಗಸು ಎದೆಯ ಮೇಲೆ ಕೈಯಿಟ್ಟು ಥ್ಯಾಂಕ್ಯೂ ಅಂದಳು. ಬುಕಿಂಗು ಮಂಗಳವಾರಕ್ಕೆ ಹೋಯಿತು.

ಮೀಟಿಂಗು ಮುಗಿದ ಮೇಲೆ ಕಾಫಿ ಯಂತ್ರದ ಹತ್ತಿರ ನರೇಂದ್ರ ಸಿಕ್ಕಿದರು. ಸಿದ್ದು ಅಭ್ಯಾಸಬಲದಿಂದ ಗೋಡೆಗೆ ಒತ್ತಿ ನಿಂತ.

"ಆರು ತಿಂಗಳಾಯ್ತು. ನನ್ ಹೆಸರು ನಿಂಗೆ ಗೊತ್ತಿಲ್ವೇನೋ ಅಂದ್ಕೊಂಡಿದ್ದೆ," ಎಂದು ಅವರು ಲೋಟ ಹಿಡಿದುಕೊಂಡು ನಗುತ್ತ ಹೋದರು.

ಸಂಜೆ ವೇದಾ ಫೋನು ಮಾಡಿದಳು. ಮಗುವಿನ ಜ್ವರ ಇಳಿದಿದೆ, ನಿನ್ನ ಕೆಲಸವೂ ಕಾಯಂ, ನಾಳೆ ಪತ್ರ ಬರುತ್ತದೆ ಅಂದಳು. ಸಿದ್ದು ಬೈಕಿನ ಮೇಲೆ ಕೂತು ಕೀಲಿ ಹಾಕುವುದನ್ನೂ ಮರೆತ. ತಲೆಯ ಮೇಲಿದ್ದ ಮೂಟೆ ಇಳಿದಂತಾಗಿತ್ತು. ಯಲಹಂಕದವರೆಗೂ ಟ್ರಾಫಿಕ್ಕು ಕಿಕ್ಕಿರಿದಿದ್ದರೂ ಇವತ್ತು ಅವನಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ.

ಅಡುಗೆಮನೆಯಲ್ಲಿ ಅಜ್ಜಿ ಕಾಫಿ ಸೋಸುತ್ತಿದ್ದಳು. ಸಿದ್ದು ಎಲ್ಲವನ್ನೂ ಹೇಳಿದ. ಕೆಲಸ ಕಾಯಂ ಆದದ್ದಕ್ಕೆ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಆದರೆ ಅವಳ ಮನಸ್ಸು ಸಿಕ್ಕಿಕೊಂಡದ್ದು ಬೇರೆ ಕಡೆ.

"ಅಷ್ಟ್ ದೊಡ್ಡೋರ್ನ ಎಸ್ರಿಡ್ದು ಕೂಗ್ದಾ?"

"ಕೂಗ್ದೆ ಅಜ್ಜಿ."

"ಅವ್ರಿಗೇನೂ ಆಗ್ಲಿಲ್ವಾ?"

"ಆಮೇಲೆ ಕಾಫಿ ಕುಡೀತಾ ನಗ್ತಿದ್ರು."

ಅಜ್ಜಿ ಸೋಸುಬಟ್ಟೆ ಪಕ್ಕಕ್ಕಿಟ್ಟಳು. ಸಕ್ಕರೆ ಹಾಕದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿ ಹೊಸಿಲ ಬಳಿ ಹೋದಳು. ಅಂಗಳದ ನುಗ್ಗೆ ಮರದಡಿ, ಕಲ್ಲು ಚಪ್ಪಡಿಯ ಮೇಲೆ ತಾತ ಆ ಕಡೆ ಮುಖ ಮಾಡಿಕೊಂಡು ಕೂತಿದ್ದ. ಅಜ್ಜಿ ಲೋಟ ಕುಟ್ಟಲು ಬಗ್ಗಿದವಳು ಹಾಗೇ ನಿಂತಳು. ಒಮ್ಮೆ ತಿರುಗಿ ಮೊಮ್ಮಗನನ್ನು ನೋಡಿದಳು.

"ಚಿಕ್ಕಬೈರಪ್ನೋರೇ," ಅಂದಳು.

ತಾತ ತಟ್ಟನೆ ಎದ್ದ. ಪಂಚೆ ಕೊಡವಿಕೊಂಡು, ಯಾರೋ ಬಂದರೆಂದು ಗೇಟಿನ ಕಡೆ ನೋಡಿದ.